ಎಸ್ತಾರ್: ಸ್ಥಾನಕ್ಕೂ ಸ್ಥಿತಿಗೂ

ಸ್ಪ್ಯಾನಿಶ್‌ನಲ್ಲಿ ನಮ್ಮ 'ಇರು' ಎಂಬುದಕ್ಕೆ ಹತ್ತಿರದ ಕ್ರಿಯಾಪದಗಳು ಎರಡು: ಸೆರ್ ಮತ್ತು ಎಸ್ತಾರ್. ಎರಡನೆಯದರ ಮೂಲ ಲ್ಯಾಟಿನ್ನಿನ 'ಸ್ತಾರೆ', ಅಂದರೆ ನಿಲ್ಲು. ಸಂಸ್ಕೃತದ 'ಸ್ಥಾ' ಧಾತು ಅದರ ದಾಯಾದಿ. ಆ ಧಾತುವಿನಿಂದ ಹುಟ್ಟಿ ಕನ್ನಡದಲ್ಲಿ ನೆಲೆಸಿದ ಸ್ಥಾನ, ಸ್ಥಿತಿ ಎಂಬೆರಡು ಪದಗಳನ್ನು ನೆನೆದರೆ ಎಸ್ತಾರ್ ಬಳಕೆಯ ಬಹುಪಾಲು ತಿಳಿದಂತೆಯೇ.

ರೂಪಗಳು ನಿಯಮಕ್ಕೆ ಒಗ್ಗುವುದಿಲ್ಲ: ನಾನು ಇದ್ದೇನೆ ಎನ್ನಲು ಎಸ್ತೊಯ್, ಇದ್ದೆ ಎನ್ನಲು ಎಸ್ತುವೆ. ಇವನ್ನು ಬಾಯಿಪಾಠ ಮಾಡುವುದೇ ದಾರಿ.

'ತಾತ್ಕಾಲಿಕಕ್ಕೆ ಎಸ್ತಾರ್, ಶಾಶ್ವತಕ್ಕೆ ಸೆರ್' ಎಂದು ಹಲವರು ಕಲಿಸುತ್ತಾರೆ. ಈ ಸೂತ್ರವನ್ನು ಪೂರ್ತಿ ನಂಬಬೇಡಿ. ಮ್ಯಾಡ್ರಿಡ್ ಎಲ್ಲಿಗೂ ಹೋಗದು. ಆದರೂ 'ಮದ್ರಿದ್ ಎಸ್ತಾ ಎನ್ ಎಸ್ಪಾನ್ಯಾ', ಮ್ಯಾಡ್ರಿಡ್ ಸ್ಪೇನ್‌ನಲ್ಲಿದೆ. ಸತ್ತವನು ಮರಳಿ ಬರುವುದಿಲ್ಲ. ಆದರೂ 'ಎಸ್ತಾ ಮುಯೆರ್ತೊ', ಅವನು ಸತ್ತಿದ್ದಾನೆ. ಸಾವು ಒಂದು ಬದಲಾವಣೆಯಿಂದ ಒದಗಿದ ಸ್ಥಿತಿ, ಅದಕ್ಕೇ.

ಗುಣ, ಗುರುತು, ವೃತ್ತಿಗಳಿಗೆ ಸೆರ್. ಸೆರ್‌ನ ರೂಪ 'ಎಸ್' ಬಳಸಿ 'ಎಸ್ ಅಬುರ್ರಿದೊ' ಎಂದರೆ ಅವನು ಬೇಸರ ಹುಟ್ಟಿಸುವವನು. 'ಎಸ್ತಾ ಅಬುರ್ರಿದೊ' ಎಂದರೆ ಅವನಿಗೇ ಬೇಸರವಾಗಿದೆ. ಎಷ್ಟು ಸೂಕ್ಷ್ಮ, ಎಷ್ಟು ಚೆಂದ!

ಸ್ಥಾನದ ನಿಯಮಕ್ಕೆ ಒಂದು ಅಪವಾದವಿದೆ. ಸಮಾರಂಭ ಎಲ್ಲಿ ನಡೆಯುತ್ತದೆ ಎಂದು ಹೇಳುವಾಗ ಸೆರ್ ಬರುತ್ತದೆ: 'ಲಾ ಫಿಯೆಸ್ತಾ ಎಸ್ ಎನ್ ಮಿ ಕಾಸಾ', ಔತಣಕೂಟ ನಮ್ಮ ಮನೆಯಲ್ಲಿ.