ಶಾಲೆಯ ಗೋಡೆಯ ಚಿತ್ರಪಟ: ಹುಟ್ಟು, ಬೆಳವಣಿಗೆ ಮತ್ತು ಕಾಲ ಗುರುತಿಸುವ ಬಗೆ

ಮೇಲೆ ಕೆಳಗೆ ಒಂದೊಂದು ಮರದ ಪಟ್ಟಿ, ನಡುವೆ ಬಟ್ಟೆಗೆ ಅಂಟಿಸಿದ ದೊಡ್ಡ ಬಣ್ಣದ ಕಾಗದ, ತೂಗುಹಾಕಲು ಒಂದು ದಾರ. ಶಾಲೆಯ ಚಿತ್ರಪಟ ಎಂದರೆ ಇಷ್ಟೇ. ಆಡುಮಾತಿನಲ್ಲಿ ಇದು 'ಚಾರ್ಟು'. ಹಣ್ಣು, ಹಕ್ಕಿ, ಕಾಡುಪ್ರಾಣಿ, ಹೂವಿನ ಭಾಗಗಳು, ತಾಜಮಹಲು, ಗೋಲಗುಮ್ಮಟ, ಗಾಂಧೀಜಿ, ಝಾನ್ಸಿ ರಾಣಿ ಎಲ್ಲರೂ ಇದರಲ್ಲಿ ಬಂದು ಹೋಗಿದ್ದಾರೆ. ಟಿವಿ ಇನ್ನೂ ಮನೆಮನೆಗೆ ಬಾರದಿದ್ದ ಕಾಲದಲ್ಲಿ ಬಯಲುಸೀಮೆಯ ಎಷ್ಟೋ ಮಕ್ಕಳು ಆನೆಯನ್ನೂ ಹಡಗನ್ನೂ ಮೊದಲು ಕಂಡದ್ದು ಇಲ್ಲಿಯೇ.

ಅನೇಕ ಪಟಗಳಲ್ಲಿ ಚಿತ್ರ ಒಂದೇ ಇದ್ದು, ಅದರ ಕೆಳಗೆ ಹೆಸರು ಎರಡು ಭಾಷೆಗಳಲ್ಲಿ ಇರುತ್ತದೆ. ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು ಆಡುವ ಗಡಿ ಊರಿನವರಿಗೆ ಇದು ವಿಶೇಷ ಎನಿಸದಿರಬಹುದು. ಆದರೆ ಮಕ್ಕಳ ಪಾಠಕ್ಕೆಂದು ಬಂದ ಮೊದಮೊದಲ ಚಿತ್ರಪುಸ್ತಕವೂ ಎರಡು ಭಾಷೆಯದೇ ಆಗಿತ್ತು.

ಆ ಪುಸ್ತಕದ ಕರ್ತೃ ಯಾನ್ ಆಮೋಸ್ ಕೊಮೆನಿಯಸ್ (1592-1670). ಇಂದಿನ ಚೆಕ್ ದೇಶಕ್ಕೆ ಸೇರಿದ ಮೊರಾವಿಯಾದವರು. ಯುರೋಪಿನ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಧರ್ಮದ ಕಾರಣಕ್ಕೆ ತಾಯ್ನಾಡು ಬಿಡಬೇಕಾಯಿತು. 1656ರಲ್ಲಿ ಅವರು ನೆಲೆಸಿದ್ದ ಪೋಲೆಂಡಿನ ಲೆಶ್ನೋ ಪಟ್ಟಣವೇ ಸುಟ್ಟುಹೋಗಿ, ಮನೆಯ ಜೊತೆಗೆ ಹಸ್ತಪ್ರತಿಗಳೂ ಬೂದಿಯಾದವು. ಎರಡು ವರ್ಷಗಳ ನಂತರ, 1658ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಅವರ 'ಓರ್ಬಿಸ್ ಪಿಕ್ಟಸ್' ಅಚ್ಚಾಯಿತು. ಚಿತ್ರಗಳಲ್ಲಿ ಜಗತ್ತು ಎಂದು ಇದರ ಅರ್ಥ. ಒಟ್ಟು 150 ಪಾಠಗಳು. ಪ್ರತಿ ಪಾಠಕ್ಕೂ ಮರದಚ್ಚಿನ ಒಂದು ಚಿತ್ರ. ಚಿತ್ರದೊಳಗಿನ ವಸ್ತುಗಳಿಗೆ ಅಂಕಿ ಕೊಟ್ಟು, ಅದೇ ಅಂಕಿಯನ್ನು ಕೆಳಗಿನ ಲ್ಯಾಟಿನ್ ಮತ್ತು ಜರ್ಮನ್ ಸಾಲುಗಳಲ್ಲೂ ಹಾಕಿದ್ದರು. ಮಗು ಮನೆಮಾತಿನ ಪದದಿಂದ ಚಿತ್ರಕ್ಕೆ ಬಂದು, ಅಲ್ಲಿಂದ ಕಲಿಯಬೇಕಾದ ಭಾಷೆಯ ಪದಕ್ಕೆ ದಾಟಬೇಕು. ಅಕ್ಷರ ಕಲಿಸುವುದಕ್ಕೂ ಕಾಗೆಯ ಕೂಗು, ಕುರಿಮರಿಯ ಅರಚು ಮುಂತಾದ ಪ್ರಾಣಿಗಳ ದನಿಯನ್ನೇ ಬಳಸಿದರು. ಹಿಟ್ಟು ಬೀಸುವುದು, ರೊಟ್ಟಿ ಸುಡುವುದು, ಮೀನು ಹಿಡಿಯುವುದು, ಚಪ್ಪಲಿ ಹೊಲಿಯುವುದು ಎಲ್ಲಕ್ಕೂ ಒಂದೊಂದು ಪಾಠ. ಲ್ಯಾಟಿನ್ ಎಂದರೆ ಬಾಯಿಪಾಠ ಮತ್ತು ಬೆತ್ತ ಎಂದಿದ್ದ ಕಾಲಕ್ಕೆ ಇದು ಸಣ್ಣ ಬದಲಾವಣೆಯಲ್ಲ. 1659ರಲ್ಲಿ ಇಂಗ್ಲಿಷ್ ಆವೃತ್ತಿ ಬಂತು, 1666ರಲ್ಲಿ ನಾಲ್ಕು ಭಾಷೆಗಳ ಆವೃತ್ತಿಯೂ ಬಂತು.

ಪುಸ್ತಕದ ಚಿತ್ರ ಗೋಡೆಗೆ ಏರಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. 1796ರಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಕಲ್ಲಚ್ಚು ಮುದ್ರಣವನ್ನು ಕಂಡುಹಿಡಿದರು. 19ನೇ ಶತಮಾನದಲ್ಲಿ ಬಣ್ಣದ ಕಲ್ಲಚ್ಚು ಬಂದ ಮೇಲೆ ದೊಡ್ಡ ಹಾಳೆಗಳನ್ನು ಅಗ್ಗವಾಗಿ ಅಚ್ಚುಹಾಕುವುದು ಸಾಧ್ಯವಾಯಿತು. ಜರ್ಮನಿಯ ಯುಂಗ್, ಕೋಖ್ ಮತ್ತು ಕ್ವೆಂಟೆಲ್ ಎಂಬ ಮೂವರು ತಯಾರಿಸಿದ ಜೀವಶಾಸ್ತ್ರದ ಪಟಗಳಲ್ಲಿ ಹಿನ್ನೆಲೆ ಪೂರ್ತಿ ಕಪ್ಪು. ಕೊನೆಯ ಬೆಂಚಿನ ಹುಡುಗನಿಗೂ ಕಪ್ಪೆಯ ಕಾಲು ಸ್ಪಷ್ಟವಾಗಿ ಕಾಣುವಂತಹ ಉಪಾಯ! ವಿಯೆನ್ನಾದ ಹೋಲ್ಜೆಲ್ ಸಂಸ್ಥೆ ಋತುಗಳ ಮತ್ತು ದೇಶಗಳ ಪಟಗಳನ್ನು ತಂದಿತು. ನೆದರ್ಲೆಂಡ್ಸ್‌ನಲ್ಲಿ ಜೆ. ಎಚ್. ಐಸಿಂಗ್ಸ್ (1884-1977) ಬರೆದ ಚರಿತ್ರೆಯ ಪಟಗಳು ಹಲವು ತಲೆಮಾರಿಗೆ ಪಾಠ ಹೇಳಿದವು.

ಭಾರತದಲ್ಲಿ ದೆಹಲಿಯ ಇಂಡಿಯನ್ ಬುಕ್ ಡಿಪೋದ ಚಾರ್ಟುಗಳು, ಅದರಲ್ಲೂ 'ಆದರ್ಶ ಬಾಲಕ', ಬಹಳ ಹೆಸರಾದವು. ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ, ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುವ ರಾಷ್ಟ್ರನಾಯಕರ ಸಣ್ಣ ಚಿತ್ರಗಳ ಹಾಳೆ ಇದೇ ವಂಶದ್ದು. 1987ರಲ್ಲಿ ಆರಂಭವಾದ ಕೇಂದ್ರದ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಯೋಜನೆಯಲ್ಲಿ ಪ್ರಾಥಮಿಕ ಶಾಲೆಗಳಿಗೆ ನಕ್ಷೆ, ಪಟ ಮುಂತಾದ ಪಾಠೋಪಕರಣ ಕೊಡುವುದೂ ಸೇರಿತ್ತು. ವಯನಾಡಿಗೆ ತಾಗಿಕೊಂಡ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ 'ನಲಿ-ಕಲಿ'ಯಲ್ಲಿ ಚಿತ್ರ ಗೋಡೆಯಿಂದ ಇಳಿದು ಮಗುವಿನ ಕೈಯ ಕಾರ್ಡಿಗೆ ಬಂತು.

ಈ ಪಟಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಇಮ್ಮಡಿ ಪುಲಕೇಶಿಯ ಮುಖ, ಬಸವಣ್ಣನವರ ಮುಖ ಎಂದು ನಾವು ಗುರುತಿಸುವುದು ನಂತರದ ಕಲಾವಿದರ ಕಲ್ಪನೆಯನ್ನು. ಶಿವಾಜಿಯ ವಿಷಯ ಬೇರೆ. 17ನೇ ಶತಮಾನದ ಕೊನೆಯ ಭಾಗದಲ್ಲಿ ಬರೆದ ಅವರ ಚಿತ್ರಗಳು ಯುರೋಪಿನ ಸಂಗ್ರಹಾಲಯಗಳಲ್ಲಿವೆ. ಮಗುವಿಗೆ ಈ ವ್ಯತ್ಯಾಸವನ್ನು ಪಟ ಹೇಳುವುದಿಲ್ಲ, ಮೇಷ್ಟ್ರೇ ಹೇಳಬೇಕು.

ಪಟದ ವಯಸ್ಸು ಎಷ್ಟು?

ಮುದ್ರಣದ ವರ್ಷ ಇಲ್ಲದ ಪಟಗಳೇ ಹೆಚ್ಚು. ಆದರೂ ಚಿತ್ರದಲ್ಲೇ ಸುಳಿವು ಇರುತ್ತದೆ. ನಕ್ಷೆಯಲ್ಲಿ ಆದೋನಿ, ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿದ್ದರೆ ಅದು 1953ಕ್ಕೆ ಹಿಂದಿನ ಚಿತ್ರಣ. ಕಾಸರಗೋಡು ದಕ್ಷಿಣ ಕನ್ನಡದಲ್ಲಿದ್ದರೆ 1956ಕ್ಕೆ ಹಿಂದಿನದು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿದ್ದರೆ 1960ಕ್ಕೆ ಹಿಂದಿನದು. 'ಮೈಸೂರು' ರಾಜ್ಯ ಎಂದಿದ್ದರೆ 1973ರ ನವೆಂಬರ್ 1ಕ್ಕೂ ಮೊದಲಿನದು. ಊರು ಕದಲಲಿಲ್ಲ, ಗೋಡೆಯ ಮೇಲಿನ ಗೆರೆ ಮಾತ್ರ ಕದಲಿತು. ಗೋವಾ 1987ರಲ್ಲಿ, ತೆಲಂಗಾಣ 2014ರಲ್ಲಿ ರಾಜ್ಯಗಳಾದವು. ಸೌರಮಂಡಲದಲ್ಲಿ ಪ್ಲೂಟೊ ಸೇರಿ ಒಂಬತ್ತು ಗ್ರಹಗಳಿದ್ದರೆ ಅದು 2006ರ ಆಗಸ್ಟ್‌ಗೆ ಹಿಂದಿನ ಪಾಠ. ರಾಷ್ಟ್ರೀಯ ಪ್ರಾಣಿ ಸಿಂಹ ಎಂದಿದ್ದರೆ 1970ರ ದಶಕದ ಆರಂಭಕ್ಕೂ ಹಿಂದಿನದು.

ಒಂದು ಎಚ್ಚರಿಕೆ: ಹಳೆಯ ಅಚ್ಚನ್ನೇ ವರ್ಷಗಟ್ಟಲೆ ಮತ್ತೆ ಮತ್ತೆ ಮುದ್ರಿಸುವುದುಂಟು. ಆದ್ದರಿಂದ ಹೊಸ ಸಂಗತಿ ಕಂಡರೆ ಅದಕ್ಕಿಂತ ಹಿಂದಿನ ಪಟವಲ್ಲ ಎಂದು ಖಚಿತವಾಗಿ ಹೇಳಬಹುದು. ಹಳೆಯ ಸಂಗತಿ ಕಂಡ ಮಾತ್ರಕ್ಕೆ ಪಟವೂ ಅಷ್ಟೇ ಹಳೆಯದು ಎನ್ನಲಾಗದು.

ಹಕ್ಕಿಗಳ ಪಟದಲ್ಲಿ ಕಾಗೆ, ಗುಬ್ಬಿಯ ಪಕ್ಕದಲ್ಲೇ ರಣಹದ್ದು ಕೂತಿರುವುದನ್ನೂ ಗಮನಿಸಬೇಕು. ಆಗ ಅದು ಎಲ್ಲೆಡೆ ಕಾಣುತ್ತಿದ್ದ ಹಕ್ಕಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ, 1990ರ ದಶಕದಿಂದ ಮೂರು ಜಾತಿಯ ರಣಹದ್ದುಗಳ ಸಂಖ್ಯೆ ಶೇ. 90ಕ್ಕೂ ಹೆಚ್ಚು ಕುಸಿಯಿತು. ದನಗಳಿಗೆ ಆ ಔಷಧಿ ಬಳಸುವುದನ್ನು 2006ರಲ್ಲಿ ನಿಷೇಧಿಸಲಾಯಿತು. ದಕ್ಷಿಣದಲ್ಲಿ ನೀಲಗಿರಿಯ ಮೋಯಾರ್ ಕಣಿವೆ, ವಯನಾಡಿನ ಕಾಡು ಮುಂತಾದ ಕೆಲವೇ ಕಡೆ ಅವು ಉಳಿದಿವೆ.

ಶಾಲೆ ಮುಚ್ಚಿದಾಗ ಅಥವಾ ಕನ್ನಡ ಮಾಧ್ಯಮ ನಿಂತಾಗ ಪುಸ್ತಕಗಳನ್ನಾದರೂ ಯಾರಾದರೂ ಕೇಳಿಯಾರು, ಪಟಗಳು ಸೀದಾ ಗುಜರಿಗೆ ಹೋಗುತ್ತವೆ. ಗಡಿಯಾಚೆಯ ಊರಿನಲ್ಲಿ ಕನ್ನಡ ಅಕ್ಷರವಿರುವ ಪಟವೊಂದು ಹೋದರೆ ಅದರ ಜಾಗಕ್ಕೆ ಮತ್ತೊಂದು ಬರುವುದು ಕಷ್ಟ. ಉಳಿಸಿಕೊಳ್ಳುವವರು ಹರಿದ ಕಡೆ ಸೆಲೋಟೇಪ್ ಹಚ್ಚಬಾರದು, ಅದರ ಅಂಟು ಹಳದಿಯಾಗಿ ಕಲೆ ಬಿಡುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸಲಾಗದು. ಗೆದ್ದಲು ಮತ್ತು ತೇವ ತಾಗದ ಕಡೆ ಸಡಿಲವಾಗಿ ಸುರುಳಿ ಸುತ್ತಿ, ಹತ್ತಿ ಬಟ್ಟೆಯಲ್ಲಿ ಕಟ್ಟಿಡಬಹುದು. ಮೊಬೈಲಿನಲ್ಲಿ ಫೋಟೋ ತೆಗೆಯುವುದಾದರೆ ನೇರ ಬಿಸಿಲು ಬೀಳದ ಬೆಳಕಿನಲ್ಲಿ, ಪಟವನ್ನು ಚಪ್ಪಟೆಯಾಗಿ ಹಾಸಿ ತೆಗೆಯಬೇಕು. ಅಂಚಿನ ಸಣ್ಣಕ್ಷರದಲ್ಲಿರುವ ಮುದ್ರಕರ ಹೆಸರು, ಬೆಲೆ ಹಾಗೂ ಹಿಂಬದಿಯ ಶಾಲೆಯ ಮೊಹರು ಕೂಡ ಫೋಟೋದಲ್ಲಿ ಬರಲಿ.