ಪಂಕ್ತಿಯಿಂದ ಮೇಜಿಗೆ: ಉಡುಪಿ ಹೋಟೆಲಿನ ಊಟ

ಉಡುಪಿ ಹೋಟೆಲುಗಳಲ್ಲಿ ಮಧ್ಯಾಹ್ನ ದೊರೆಯುವ ‘ಊಟ’, ಅಂದರೆ ಅನ್ನದೊಂದಿಗೆ ಪಲ್ಯ, ಸಾರು, ಹುಳಿ, ಮೊಸರುಗಳನ್ನು ಸೇರಿಸಿ ಒಂದೇ ಬೆಲೆಗೆ ಬಡಿಸುವ ಭೋಜನ, ಹೋಟೆಲಿನವರು ಹೊಸದಾಗಿ ಕಟ್ಟಿದ ಪದ್ಧತಿಯಲ್ಲ. ಅದರ ಬೇರು ಉಡುಪಿಯ ಕೃಷ್ಣಮಠದ ಪಂಕ್ತಿಭೋಜನದಲ್ಲಿದೆ. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಕೃಷ್ಣನ ಪೂಜೆಯ ಹೊಣೆ ಅಷ್ಟಮಠಗಳಿಗೆ ಎರಡೆರಡು ವರ್ಷಗಳ ಸರದಿಯಲ್ಲಿ ಬರುತ್ತದೆ. ಪರ್ಯಾಯವೆಂದು ಕರೆಯುವ ಈ ಸರದಿಗೆ ಮುನ್ನ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ನಾಲ್ಕು ಮುಹೂರ್ತಗಳು ನಡೆಯುತ್ತವೆ. ಊಟದ ಎಲೆಗಾಗಿ ಬಾಳೆ ನೆಡುವುದರಿಂದಲೇ ಸಿದ್ಧತೆ ಆರಂಭವಾಗುತ್ತದೆ ಎಂಬುದೊಂದೇ ಸಾಕು, ಬಂದವರಿಗೆ ಉಣಬಡಿಸುವುದು ಆ ಮಠದಲ್ಲಿ ಪೂಜೆಯಷ್ಟೇ ಮುಖ್ಯವಾದ ಹೊಣೆಯೆಂದು ತಿಳಿಯಲು.

ಪಂಕ್ತಿಯ ಊಟಕ್ಕೆ ಒಂದು ಕ್ರಮವಿದೆ. ಉಣ್ಣುವವರ ಎಡಕ್ಕೆ ತುದಿ ಬರುವಂತೆ ಹಾಸಿದ ಎಲೆಯ ಮೇಲಂಚಿನಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಕೂರುತ್ತವೆ. ಅನ್ನದ ಮೇಲೆ ಮೊದಲು ತೊವ್ವೆ ಮತ್ತು ತುಪ್ಪ, ಆಮೇಲೆ ತೆಳುವಾದ ಸಾರು, ಅದರ ಬಳಿಕ ತೆಂಗಿನಕಾಯಿ ಅರೆದು ಹಾಕಿದ ಹುಳಿ, ನಂತರ ಪಾಯಸ, ಕೊನೆಗೆ ಮಜ್ಜಿಗೆ. ಈರುಳ್ಳಿ, ಬೆಳ್ಳುಳ್ಳಿಗಳಿಗೆ ಇಲ್ಲಿ ಪ್ರವೇಶವಿಲ್ಲವಾದ್ದರಿಂದ ರುಚಿಯ ಭಾರವೆಲ್ಲ ಹುರಿದ ಕೊತ್ತಂಬರಿ, ಇಂಗು, ಹುಣಸೆ, ಬೆಲ್ಲಗಳ ಹದದ ಮೇಲೆ ಬೀಳುತ್ತದೆ. ಹುಳಿಗೆ ಹೆಸರಾದ ತರಕಾರಿ ಮಟ್ಟುಗುಳ್ಳ, ಅಂದರೆ ಉಡುಪಿ ಸಮೀಪದ ಮಟ್ಟು ಗ್ರಾಮದಲ್ಲಿ ಬೆಳೆಯುವ ದುಂಡನೆಯ ತಿಳಿಹಸಿರು ಬದನೆ. ಅಷ್ಟಮಠಗಳಲ್ಲೊಂದರ ಯತಿಯಾಗಿದ್ದ ವಾದಿರಾಜರು ಕೊಟ್ಟ ಬೀಜದಿಂದ ಬಂದದ್ದೆಂದು ಊರಿನವರು ನಂಬುವ ಈ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

20ನೆಯ ಶತಮಾನದ ಮೊದಲ ದಶಕಗಳಲ್ಲಿ ಬಡತನವೂ 1923ರ ಮಹಾನೆರೆಯೂ ಕರಾವಳಿಯ ಅನೇಕರನ್ನು ದೂರದ ನಗರಗಳಿಗೆ ಕಳುಹಿಸಿದಾಗ, ಕೈಯಲ್ಲಿ ಬಂಡವಾಳವಿಲ್ಲದಿದ್ದರೂ ಅಡಿಗೆಯ ಹದ ಬಲ್ಲವರು ಅದನ್ನೇ ಜೀವನೋಪಾಯ ಮಾಡಿಕೊಂಡರು. ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯ ಮತ್ತು ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಕಡಂದಲೆ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಸ್ಥಾಪಿಸಿದರು. 1942ರಲ್ಲಿ ಮುಂಬಯಿಯ ಮಾಟುಂಗಾ ರೈಲು ನಿಲ್ದಾಣದ ಎದುರು ರಾಮ ನಾಯಕರ ಬೋರ್ಡಿಂಗ್ ಆರಂಭವಾಯಿತು.

ಹೋಟೆಲು ಪಂಕ್ತಿಯ ಕ್ರಮವನ್ನು ತಂದುಕೊಂಡಂತೆ ಅದರ ಜಾತಿಭೇದವನ್ನೂ ತಂದುಕೊಂಡಿತು ಎಂಬುದನ್ನು ಮರೆಯಲಾಗದು. ಮಯ್ಯರ ಹೋಟೆಲಿನ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಹಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಯಿರುತ್ತಿತ್ತು, ದಲಿತರಿಗೆ ಒಳಗೆ ಕಾಲಿಡಲೂ ಅವಕಾಶವಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಸಾರ್ವಜನಿಕ ಉಪಾಹಾರ ಗೃಹಗಳ ಪ್ರವೇಶದಲ್ಲಿ ಜಾತಿಭೇದವನ್ನು ನಿಷೇಧಿಸಿತಾದರೂ, 1957ರಲ್ಲಿ ಮದರಾಸಿನ ಹೋಟೆಲೊಂದರ ಫಲಕದಿಂದ ‘ಬ್ರಾಹ್ಮಣ’ ಎಂಬ ಪದವನ್ನು ಅಳಿಸಲು ಜಾತಿವಿರೋಧಿ ನಾಯಕ ಪೆರಿಯಾರರ ಅನುಯಾಯಿಗಳು ಚಳವಳಿಯನ್ನೇ ಹೂಡಬೇಕಾಯಿತು. ದುಡ್ಡು ಕೊಟ್ಟ ಯಾರೇ ಆಗಲಿ ಯಾರ ಪಕ್ಕದಲ್ಲಾದರೂ ಕುಳಿತು ಉಣ್ಣಬಹುದು ಎಂಬ ಸ್ಥಿತಿ ಉಡುಪಿ ಊಟದ ಇತಿಹಾಸದ ಅತಿ ದೊಡ್ಡ ಬದಲಾವಣೆ, ಮತ್ತು ಅದು ಹೋರಾಡಿ ಪಡೆದದ್ದು.

ಭೇದ ಅಳಿದದ್ದು ಒಳಿತು; ಆದರೆ ಅದರ ಜೊತೆಗೆ ಕ್ರಮವೂ ಅಳಿಯಬೇಕಾಗಿರಲಿಲ್ಲ. ಸ್ಟೀಲಿನ ತಟ್ಟೆಯಲ್ಲಿ ಎಲ್ಲ ಬಟ್ಟಲುಗಳನ್ನೂ ಒಮ್ಮೆಗೇ ಇಟ್ಟುಬಿಡುವ ‘ಪ್ಲೇಟ್ ಮೀಲ್ಸ್’ ಸ್ಥಳವನ್ನೂ ಸಮಯವನ್ನೂ ಉಳಿಸಿತು, ಆದರೆ ಬಿಸಿ ಸಾರು ಸರದಿ ಬರುವಷ್ಟರಲ್ಲಿ ತಣ್ಣಗಾಗುವಂತೆಯೂ ಒಂದರ ರುಚಿ ಇನ್ನೊಂದರಲ್ಲಿ ಮುಳುಗುವಂತೆಯೂ ಮಾಡಿತು. ಹೋಟೆಲೊಂದರ ಊಟದ ಗುಣವನ್ನು ಅಳೆಯಬಯಸುವವರು ಮೊದಲು ಬರಿಯ ಅನ್ನಕ್ಕೆ ಸಾರು ಹಾಕಿಸಿಕೊಂಡು ಉಣ್ಣಲಿ, ಅದು ಮುಗಿದ ಮೇಲೆಯೇ ಹುಳಿ ಕೇಳಲಿ.