ಪಾಠ ಯೋಜನೆ

ಒಂದು ಅವಧಿಯಲ್ಲಿ ಮಕ್ಕಳು ಏನು ಕಲಿಯಬೇಕು, ಅದಕ್ಕಾಗಿ ತರಗತಿಯಲ್ಲಿ ಏನೇನು ನಡೆಯಬೇಕು, ಕಲಿತರೆಂದು ತಿಳಿಯುವುದು ಹೇಗೆ ಎಂಬುದನ್ನು ಶಿಕ್ಷಕರು ಮೊದಲೇ ಯೋಚಿಸಿ ಬರೆದುಕೊಳ್ಳುವ ರೂಪುರೇಷೆ. ವಾರ್ಷಿಕ ಯೋಜನೆ ಇಡೀ ವರ್ಷಕ್ಕೆ, ಘಟಕ ಯೋಜನೆ ಒಂದು ಘಟಕಕ್ಕೆ. ಪಾಠ ಯೋಜನೆ ಸಾಮಾನ್ಯವಾಗಿ 40 ನಿಮಿಷದ ಒಂದು ಪೀರಿಯಡ್ಡಿಗೆ.

ಜರ್ಮನಿಯ ತತ್ತ್ವಜ್ಞಾನಿ ಯೋಹಾನ್ ಫ್ರೀಡ್ರಿಕ್ ಹರ್ಬಾರ್ಟ್ (1776–1841) ಅವರ ವಿಚಾರಗಳಿಂದ ಅವರ ಅನುಯಾಯಿಗಳು ಐದು ಹಂತಗಳ ಬೋಧನಾಕ್ರಮವೊಂದನ್ನು ರೂಪಿಸಿದರು: ಸಿದ್ಧತೆ, ಮಂಡನೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ನಮ್ಮ ಬಿ.ಎಡ್. ಕಾಲೇಜುಗಳಲ್ಲಿ ಬಹುಕಾಲ ನಡೆದದ್ದು ಇದೇ. 1956ರಲ್ಲಿ ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರ ಉದ್ದೇಶಗಳ ವರ್ಗೀಕರಣ ಬಂದ ಮೇಲೆ ಯೋಜನೆಯಲ್ಲಿ ಉದ್ದೇಶದ ಅಂಕಣ ದೊಡ್ಡದಾಯಿತು. ಕರ್ನಾಟಕದ ಶಾಲೆಗಳಲ್ಲಿ ಈಚೆಗೆ ಬಳಕೆಗೆ ಬಂದ, ಐದು ಹಂತಗಳ ‘5ಇ’ ಮಾದರಿ ಅಮೆರಿಕದ ವಿಜ್ಞಾನ ಪಠ್ಯಕ್ರಮದ್ದು. ಅದರಲ್ಲಿ ಮಕ್ಕಳ ಅನ್ವೇಷಣೆ ಮೊದಲು, ಶಿಕ್ಷಕರ ವಿವರಣೆ ಆಮೇಲೆ.

ಮಾದರಿ ಯಾವುದೇ ಇರಲಿ, ಯೋಜನೆಯ ಸತ್ವ ಇರುವುದು ಮಕ್ಕಳು ಎಲ್ಲಿ ತಪ್ಪುತ್ತಾರೆಂಬ ಮುಂದಾಲೋಚನೆಯಲ್ಲಿ. ಭಿನ್ನರಾಶಿಯನ್ನೇ ನೋಡಿ. ಎರಡಕ್ಕಿಂತ ಮೂರು ದೊಡ್ಡದು, ಹಾಗಾಗಿ ಅರ್ಧಕ್ಕಿಂತ ಮೂರನೇ ಒಂದು ಭಾಗ ದೊಡ್ಡದು ಎಂದು ಅನೇಕ ಮಕ್ಕಳು ಹೇಳುತ್ತಾರೆ. ಇದನ್ನು ಬಲ್ಲ ಶಿಕ್ಷಕಿ ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. ಒಂದೇ ಅಳತೆಯ ಎರಡು ರೊಟ್ಟಿ ಇವೆ. ಒಂದನ್ನು ಇಬ್ಬರು, ಇನ್ನೊಂದನ್ನು ಮೂವರು ಹಂಚಿಕೊಂಡರೆ ಯಾರ ಪಾಲು ಹೆಚ್ಚು ಎಂದು ಕೇಳುತ್ತಾರೆ. ಮಕ್ಕಳು ಕಾಗದ ಮಡಚಿ, ಹರಿದು, ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ಬರವಣಿಗೆಯ ಚಿಹ್ನೆ ಬೋರ್ಡಿಗೆ ಬರುವುದು ಆನಂತರ. ಕೊನೆಯ ಐದು ನಿಮಿಷಕ್ಕೆ ಒಂದೇ ಪ್ರಶ್ನೆ: ನಾಲ್ಕನೇ ಒಂದು ಮತ್ತು ಐದನೇ ಒಂದು, ಇವುಗಳಲ್ಲಿ ಯಾವುದು ದೊಡ್ಡದು, ಏಕೆ? ‘ಅರ್ಥ ಆಯ್ತಾ?’ ಎಂದರೆ ಇಡೀ ತರಗತಿ ‘ಹ್ಞೂಂ’ ಎನ್ನುತ್ತದೆ, ಅದು ಮೌಲ್ಯಮಾಪನವಲ್ಲ.

ಪ್ರಶ್ನೆಯ ನಂತರದ ಮೌನವನ್ನೂ ಯೋಜಿಸಬೇಕು. ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರ ಎಂದು 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿದರು. ಮೂರು ಸೆಕೆಂಡು ಕಾದಲ್ಲಿ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು.

ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಶಾಲೆಗೆ ಪೀರಿಯಡ್ಡಿನ ಲೆಕ್ಕ ಹೊಂದುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪಾಠವನ್ನು ಮೈಲಿಗಲ್ಲು, ಏಣಿ, ಕಲಿಕಾ ಕಾರ್ಡುಗಳಾಗಿ ಒಡೆದು, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವಂತೆ ಮಾಡಿತು.

ಮೇಲಧಿಕಾರಿಗಳ ಸಹಿಗಾಗಿ ಹಳೆಯ ಪುಸ್ತಕದಿಂದ ನಕಲು ಮಾಡಿದ ಯೋಜನೆಗಳೂ ಉಂಟು. ಅವನ್ನು ಗುರುತಿಸುವುದು ಸುಲಭ: ಪಾಠ ಮುಗಿದ ಮೇಲೆ ತುಂಬಬೇಕಾದ ‘ಶಿಕ್ಷಕರ ಸ್ವಾವಲೋಕನ’ದ ಅಂಕಣ ಖಾಲಿ ಇರುತ್ತದೆ, ಇಲ್ಲವೇ ಪಾಠಕ್ಕೆ ಮೊದಲೇ ತುಂಬಿರುತ್ತದೆ.